ಪ್ರಾಕ್ಟೀಸ್ ರೆಕಾರ್ಡಿಂಗ್: ಏಳು ಜನ, ಎಂಟು ಇನ್‌ಪುಟ್, 12×10 ಅಡಿ ರೂಮು. ಹೇಗೆ ಜೋಡಿಸೋದು, ಆಮೇಲೆ ಅದನ್ನ ಏನು ಮಾಡೋದು?

ಶ್ರುತಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹವ್ಯಾಸಿ ಆರ್ಕೆಸ್ಟ್ರಾ, ವಾರಕ್ಕೊಂದು ದಿನ ಎರಡೂವರೆ ಗಂಟೆ ಪ್ರಾಕ್ಟೀಸು. ನವೆಂಬರಿನ ರಾಜ್ಯೋತ್ಸವಕ್ಕೆ 14 ಹಾಡು ಕೂರಿಸಬೇಕು, ಅರ್ಧ ಭಾವಗೀತೆ, ಅರ್ಧ ಸಿನಿಮಾ ಹಾಡು. ಇಬ್ಬರು ಗಾಯಕರು, ಕೀಬೋರ್ಡ್, ಬೇಸ್ ಗಿಟಾರ್, ರಿದಂ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್), ತಬಲಾ, ಡೋಲಕ್. ರೂಮು 12×10 ಅಡಿ, ಆರ್‌ಸಿಸಿ ತಾರಸಿ, ಎತ್ತರ 10 ಅಡಿ. ಗಾಯಕರ ಮೈಕ್ ಒಂದು ಸಣ್ಣ ಮಿಕ್ಸರ್ ಮೂಲಕ ಪವರ್ಡ್ ಸ್ಪೀಕರಿಗೆ ಹೋಗುತ್ತೆ.

ಇಷ್ಟು ದಿನ ಫೋನಿನಲ್ಲಿ ರೆಕಾರ್ಡಿಂಗ್. ಪ್ಯಾಡ್ ಜೋರಾಗಿ ಬಿದ್ದ ಕೂಡಲೇ ಹಾಡುವವರ ದನಿ ಕುಗ್ಗಿ, ಒಂದು ಕ್ಷಣ ಬಿಟ್ಟು ಮತ್ತೆ ಏಳುತ್ತೆ. ಬೇಸ್ ಇದೆಯೋ ಇಲ್ಲವೋ ಗೊತ್ತಾಗಲ್ಲ. ಈಗ ಎಂಟು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ (ಮೈಕ್, ವಾದ್ಯಗಳ ಸಿಗ್ನಲನ್ನ ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ) ಬಂದಿದೆ, 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಯಾವ ಸಾಫ್ಟ್‌ವೇರ್, ಯಾರಿಗೆ ಯಾವ ಇನ್‌ಪುಟ್, ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಇಟ್ಟುಕೊಳ್ಳಬೇಕಾ ಬೇಡವಾ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಎರಡೂವರೆ ಗಂಟೆಯ ಫೈಲು ಗ್ರೂಪಿಗೆ ಹಾಕಿದರೆ ಯಾರೂ ಕೇಳಲ್ಲ. ಕೇಳುವ ಹಾಗೆ ಮಾಡೋದು ಹೇಗೆ? ಆಲ್ಬಮ್ ಮಾಡುವ ಆಸೆ ಇಲ್ಲ, ತಪ್ಪು ಎಲ್ಲಿ ಅಂತ ಗೊತ್ತಾದರೆ ಸಾಕು.

ಫೇಡರ್‌ಮನೆ

ದನಿ ಕುಗ್ಗಿ ಏಳೋದು ಫೋನಿನ ಆ್ಯಪ್ ತಾನೇ ಗೇನ್ (ಬರುವ ದನಿಯನ್ನ ಎಷ್ಟು ಹಿಗ್ಗಿಸಬೇಕು ಅನ್ನೋದು) ಏರಿಳಿಸುವುದರಿಂದ. ಮಾತು ಹಿಡಿಯೋಕೆ ಮಾಡಿರುವ ಏರ್ಪಾಡು ಅದು, ಪ್ಯಾಡ್ ಪೆಟ್ಟು ಬಿದ್ದರೆ ಬೆಚ್ಚಿ ಎಲ್ಲವನ್ನೂ ಕೆಳಗೆ ಒತ್ತುತ್ತೆ. ಫೋನಿನ ಮೈಕ್ ಬೇಸಿನ ಕೆಳಸ್ತರವನ್ನ ಸರಿಯಾಗಿ ಹಿಡಿಯಲ್ಲ, ಫೋನಿನ ಸ್ಪೀಕರಿನಲ್ಲಂತೂ ಅದು ಹೊರಗೇ ಬರಲ್ಲ.

ಸಾಫ್ಟ್‌ವೇರಿಗೆ ರೀಪರ್ ಸಾಕು. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪುಕ್ಕಟೆ ನೋಡಬಹುದು, ಆಮೇಲೆ ಹವ್ಯಾಸಿಗಳಿಗೆ 60 ಡಾಲರ್ ಲೈಸೆನ್ಸ್. ಹಳೇ ಲ್ಯಾಪ್‌ಟಾಪಿನಲ್ಲೂ ಎಂಟು ಟ್ರ್ಯಾಕ್ ಸಲೀಸಾಗಿ ಓಡುತ್ತೆ. ಆಡಾಸಿಟಿ ಒಳ್ಳೆಯದೇ, ಆದರೆ ವಿಂಡೋಸಿನಲ್ಲಿ ಅದರ ಮಾಮೂಲಿ ದಾರಿಗಳಲ್ಲಿ ಎಷ್ಟೋ ಸಲ ಮೊದಲ ಎರಡು ಚಾನೆಲ್ ಮಾತ್ರ ಸಿಗುತ್ತವೆ. ಅದನ್ನ ಕೆಟ್ಟ ಫೈಲು ರಿಪೇರಿಗೆ ಇಟ್ಟುಕೊಳ್ಳಿ.

ಇಂಟರ್‌ಫೇಸ್ ಕಂಪನಿಯ ಸ್ವಂತ ಎಎಸ್‌ಐಒ ಡ್ರೈವರನ್ನೇ (ಇನ್‌ಪುಟ್‌ಗಳನ್ನ ಸಾಫ್ಟ್‌ವೇರಿಗೆ ನೇರ ಮುಟ್ಟಿಸುವ ಪ್ರೋಗ್ರಾಂ) ಹಾಕಿ. ರೀಪರಿನ ಪ್ರಿಫರೆನ್ಸಸ್, ಆಡಿಯೊ, ಡಿವೈಸ್‌ಗೆ ಹೋಗಿ ಆ ಡ್ರೈವರ್ ಆರಿಸಿ, ಇನ್‌ಪುಟ್ 1ರಿಂದ 8 ತೆರೆಯಿರಿ. 48 ಕಿಲೋಹರ್ಟ್ಸ್, 24 ಬಿಟ್. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್ ಸಂಖ್ಯೆ) 1024 ಇಡಿ. ಅದರಿಂದ 21 ಮಿಲಿಸೆಕೆಂಡ್ ತಡವಾಗುತ್ತೆ ಅಂತ ಹೆದರಬೇಡಿ, ನೀವು ಒಬ್ಬರನ್ನೊಬ್ಬರು ಲ್ಯಾಪ್‌ಟಾಪ್ ಮೂಲಕ ಕೇಳುತ್ತಿಲ್ಲ, ಗಾಳಿಯಲ್ಲೇ ಕೇಳುತ್ತಿದ್ದೀರಿ. ಬಫರ್ ದೊಡ್ಡದಿದ್ದರೆ ನಡುವೆ ಟಪ್ ಟಪ್ ಅಂತ ಕಡಿದುಹೋಗೋದು ತಪ್ಪುತ್ತೆ. ಲ್ಯಾಪ್‌ಟಾಪ್ ಮೂಲಕ ಕೇಳೋದು ಬೇಡವಾದ್ದರಿಂದ ಪ್ರತಿ ಟ್ರ್ಯಾಕಿನ ಮಾನಿಟರ್ ಬಟನ್ (ಬಂದ ದನಿಯನ್ನ ಕೂಡಲೇ ಹೊರಗೆ ಕೇಳಿಸುವುದು) ಆಫ್ ಇರಲಿ, ಇಲ್ಲದಿದ್ದರೆ ಸ್ಪೀಕರ್ ಕೂಗುತ್ತೆ.

ಇನ್‌ಪುಟ್ ಹಂಚಿಕೆ ಹೀಗೆ:

1, 2: ಗಾಯಕರು, ಮಿಕ್ಸರಿನ ಇನ್ಸರ್ಟ್ ಜ್ಯಾಕಿನಿಂದ
3: ಕೀಬೋರ್ಡ್, ಎಲ್/ಮೊನೊ ಅಂತ ಬರೆದಿರುವ ಔಟ್‌ಪುಟ್ ಒಂದೇ
4: ಬೇಸ್, ಡಿಐ ಬಾಕ್ಸಿನಿಂದ (ವಾದ್ಯದ ಸಿಗ್ನಲನ್ನ ಮೈಕ್ ಇನ್‌ಪುಟ್ಟಿಗೆ ಹೊಂದಿಸುವ ಡಬ್ಬಿ), ಬಾಕ್ಸಿನ ಥ್ರೂ ಜ್ಯಾಕ್ ಆಂಪ್ಲಿಫೈಯರಿಗೆ
5: ಪ್ಯಾಡ್, ಅದೂ ಮೊನೊ
6: ತಬಲಾ, ಒಂದು ಮೈಕ್
7: ಡೋಲಕ್, ಒಂದು ಮೈಕ್
8: ರೂಮಿಗೊಂದು ಮೈಕ್

ಇನ್ಸರ್ಟ್ ಜ್ಯಾಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿಂದ ತೆಗೆದ ಸಿಗ್ನಲ್ ಫೇಡರಿಗೂ (ದನಿ ಏರಿಳಿಸುವ ಜಾರುಗುಂಡಿ) ಈಕ್ಯೂಗೂ (ದನಿಯ ಬಣ್ಣ ತಿದ್ದುವ ಗುಂಡಿಗಳು) ಮುಂಚಿನದು. ಪ್ರಾಕ್ಟೀಸಿನ ನಡುವೆ ಯಾರಾದರೂ ಗಾಯಕಿಯ ಫೇಡರ್ ಎತ್ತಿದರೂ ರೆಕಾರ್ಡಿಂಗ್ ಲೆವೆಲ್ ಅಲುಗಾಡಲ್ಲ. ಆದರೆ ಆ ಜ್ಯಾಕಿನಲ್ಲಿ ಟಿಪ್ (ಪಿನ್ನಿನ ತುದಿ) ಹೊರಗೆ ಕಳುಹಿಸುತ್ತೆ, ರಿಂಗ್ (ನಡುವಿನ ಬಳೆ) ವಾಪಸ್ ತರುತ್ತೆ. ಮಾಮೂಲಿ ಮೊನೊ ಪಿನ್ ಪೂರ್ತಿ ಒತ್ತಿದರೆ ವಾಪಸ್ ದಾರಿ ಕಡಿದು ಸ್ಪೀಕರಿನಲ್ಲಿ ದನಿ ನಿಲ್ಲುತ್ತೆ. ಅರ್ಧ, ಮೊದಲ ಕ್ಲಿಕ್ಕಿನ ತನಕ ಒತ್ತಿದರೆ ಎರಡೂ ಕಡೆ ಬರುತ್ತೆ, ಆದರೆ ಯಾರದಾದರೂ ಕಾಲು ತಗುಲಿದರೆ ಅಲ್ಲಿಗೆ ಮುಗೀತು. ಆದ್ದರಿಂದ ಎರಡು ಕೇಬಲ್ ಮಾಡಿಸಿ: ಒಂದು ತುದಿಗೆ ಸ್ಟೀರಿಯೊ ಪಿನ್, ಅದರ ಟಿಪ್ಪು ರಿಂಗು ಎರಡನ್ನೂ ಸೇರಿಸಿ ಸೋಲ್ಡರ್, ಇನ್ನೊಂದು ತುದಿಗೆ ಮಾಮೂಲಿ ಮೊನೊ ಪಿನ್. ಇದನ್ನ ಪೂರ್ತಿ ಒತ್ತಬಹುದು. ಮೊದಲು ಮಿಕ್ಸರಿನ ಮ್ಯಾನ್ಯುಯಲ್‌ನಲ್ಲಿ ಟಿಪ್ ಸೆಂಡ್ ಹೌದಾ ಅಂತ ನೋಡಿಕೊಳ್ಳಿ.

ಲೆವೆಲ್ ಇಡುವಾಗ "ಚೆಕ್ ಚೆಕ್" ಅನ್ನಿಸಬೇಡಿ. ಇರುವ ಹಾಡುಗಳಲ್ಲಿ ಅತಿ ಜೋರಿನದರ ಕೊನೆಯ ಪಲ್ಲವಿ ನುಡಿಸಿ ನೋಡಿ, ಅತಿ ಎತ್ತರದ ಪೆಟ್ಟು ಮೈನಸ್ 12 ಡಿಬಿ ಹತ್ತಿರ ನಿಲ್ಲಲಿ. ಅರ್ಧ ಗಂಟೆ ಕಳೆದ ಮೇಲೆ ಎಲ್ಲರೂ ಜೋರಾಗೇ ನುಡಿಸ್ತಾರೆ, ಆ ಜಾಗ ಆಗ ಬೇಕಾಗುತ್ತೆ. 24 ಬಿಟ್ ಇರೋದರಿಂದ ಕಡಿಮೆ ಲೆವೆಲ್ಲಿಗೆ ಏನೂ ನಷ್ಟವಿಲ್ಲ. ಕ್ಲಿಪ್ ಆದದ್ದನ್ನ (ಲೆವೆಲ್ ಮಿತಿ ಮೀರಿ ತಲೆ ಕತ್ತರಿಸಿಹೋದದ್ದನ್ನ) ಮಾತ್ರ ಸರಿಮಾಡಲಾಗಲ್ಲ.

ಡಿಸ್ಕ್ ಲೆಕ್ಕ: ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ, ಎಂಟಕ್ಕೆ 69 ಎಂಬಿ, ಎರಡೂವರೆ ಗಂಟೆಗೆ ಸುಮಾರು 10.4 ಜಿಬಿ. ಎಂಟು ಚಾನೆಲ್ಲನ್ನೂ ಒಂದೇ ವೇವ್ ಫೈಲಿಗೆ ಸುರಿಯಬೇಡಿ, ಮಾಮೂಲಿ ವೇವ್‌ಗೆ 4 ಜಿಬಿ ಮಿತಿ ಇದೆ, 62ನೇ ನಿಮಿಷದಲ್ಲಿ ತುಂಬಿಹೋಗುತ್ತೆ. ಬೇರೆ ಬೇರೆ ಮೊನೊ ಟ್ರ್ಯಾಕ್ ಆದರೆ ಈ ತಾಪತ್ರಯವಿಲ್ಲ.

ರೆಕಾರ್ಡ್ ಒತ್ತುವ ಮೊದಲೇ ಟ್ರ್ಯಾಕುಗಳಿಗೆ ಹೆಸರು ಕೊಡಿ, ಫೈಲಿನ ಹೆಸರಿಗೂ ಅದೇ ಸೇರಿಕೊಳ್ಳುತ್ತೆ. ಎಲ್ಲ ಸರಿಹೋದ ಮೇಲೆ ಫೈಲ್ ಮೆನುವಿನಲ್ಲಿ ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಉಳಿಸಿ. ಮುಂದಿನ ವಾರದಿಂದ ತೆರೆಯೋದು, ದಿನಾಂಕದ ಹೆಸರಿನಲ್ಲಿ ಸೇವ್ ಮಾಡೋದು, ಒತ್ತೋದು, ಅಷ್ಟೇ. ಹಾಡಿಗೊಮ್ಮೆ ನಿಲ್ಲಿಸಬೇಡಿ. ಬಂದ ಕೂಡಲೇ ಒತ್ತಿ, ಹೊರಡುವಾಗ ನಿಲ್ಲಿಸಿ.

ತಾಳತಂತಿ

ಎಲ್ಲಾ ಛಲೋ ಐತ್ರಿ, ಆದ್ರ ಏಳು ಮಂದಿ ಹವ್ಯಾಸಿಗಳು, ಎಂಟು ಟ್ರ್ಯಾಕ್ ಮಿಕ್ಸ್ ಮಾಡ್ಕೋತ ಕುಂಡ್ರೋರು ಯಾರ್ರಿ? ಮಿಕ್ಸ್ ಮಾಡಿದ್ರ ಇನ್ನೊಂದು ಅಪಾಯ ಐತಿ. ರೂಮಿನ್ಯಾಗ ಗಾಯಕಿ ದನಿ ಕೇಳಸದ ಇದ್ರೂ ಮಿಕ್ಸಿನ್ಯಾಗ ಎತ್ತಿ ಬಿಡ್ತೀರಿ, ಎಲ್ಲಾ ಸರಿ ಐತಿ ಅನಸ್ತೈತಿ. ಸ್ಟೇಜಿನ ಮ್ಯಾಲ ಅದು ಸರಿ ಇರಂಗಿಲ್ಲ.

ಎರಡು ಮೈಕ್ ಸಾಕು. ಮಂದಿ ಕುಂತು ಕೇಳೋ ಕಡೆ, ಐದಾರು ಅಡಿ ಎತ್ತರದಾಗ, ಎರಡೂ ಮೈಕಿನ ಮೂತಿ ಒಂದರ ಮ್ಯಾಲೊಂದು ಬರೋ ಹಂಗ 90 ಡಿಗ್ರಿ ಮೂಲಿ ಮಾಡಿ ಇಡ್ರಿ. ಕೈಯಾಗ ಹಿಡಿಯೋ ರೆಕಾರ್ಡರ್ ಇದ್ರ ಇನ್ನೂ ಸಸಾರ, ಅದರಾಗ ಆಟೊ ಲೆವೆಲ್ ಬಂದ್ ಮಾಡ್ರಿ, ಕೆಳಸ್ತರ ಕಡಿಯೋ ಲೋ ಕಟ್ 80 ಹರ್ಟ್ಸಿಗೆ ಇಡಬ್ಯಾಡ್ರಿ, ಬೇಸಿನ ತಪ್ಪು ಕೇಳೂದು ಬೇಕಲ್ಲ. ಗ್ವಾಡಿಗೆ ಹಚ್ಚಿ ಇಟ್ರ ಬೇಸ್ ಸುಳ್ಳು ದಪ್ಪ ಆಗ್ತೈತಿ. ಯಾವುದರೆ ಕೇಳಸದಿದ್ರ ಆ ವಾದ್ಯದವರನ್ನ ಎರಡು ಅಡಿ ಮುಂದ ತರ್ರಿ, ಪ್ಯಾಡಿನವರ ಸ್ಪೀಕರ್ ಮಾರಿ ತಿರುಗಸ್ರಿ. ಫೇಡರಿನ್ಯಾಗ ಅಲ್ಲ, ರೂಮಿನ್ಯಾಗ ಮಿಕ್ಸ್ ಮಾಡ್ರಿ.

ಫೇಡರ್‌ಮನೆ

ತಾಳತಂತಿ ಅವರ ಮಾತು ಒಪ್ಪಿದೆ. 8ನೇ ಇನ್‌ಪುಟ್ಟಿನ ರೂಮ್ ಮೈಕ್ ಇರೋದೇ ಅದಕ್ಕೆ. ಗ್ರೂಪಿಗೆ ಕಳುಹಿಸೋದು ಆ ಒಂದು ಟ್ರ್ಯಾಕ್ ಮಾತ್ರ ಆದರೂ ನಡೆಯುತ್ತೆ. ಮಿಕ್ಕ ಏಳು ಟ್ರ್ಯಾಕ್ ತನಿಖೆಗೆ: ಆರನೇ ಸಾಲಿನಲ್ಲಿ ತಾಳ ಬಿದ್ದದ್ದು ಕೇಳುತ್ತೆ, ಬೀಳಿಸಿದ್ದು ಡೋಲಕ್ಕೋ ಪ್ಯಾಡೋ ಅಂತ ಎರಡು ಮೈಕಿನಲ್ಲಿ ಬಿಡಿಸೋಕಾಗಲ್ಲ. ಇನ್ನೊಂದು ಲಾಭ, ಹಾಡು ನಿಂತ ಮೇಲೆ ಆಡುವ ಮಾತೂ ರೂಮ್ ಮೈಕಿನಲ್ಲಿ ಸಿಗುತ್ತೆ. "ಎರಡನೇ ಚರಣದ ಮುಂಚಿನ ಮ್ಯೂಸಿಕ್ ಬಿಟ್ ಎರಡು ಸಲ" ಅಂತ ಒಪ್ಪಿಕೊಂಡದ್ದು ಮುಂದಿನ ವಾರಕ್ಕೆ ಏಳು ಜನರಲ್ಲಿ ನಾಲ್ವರಿಗೆ ಮರೆತಿರುತ್ತೆ.

ಎರಡನೇಚರಣ

ಶ್ರುತಿಪೆಟ್ಟಿಗೆ ಅವರೇ, ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಎರಡೂವರೆ ಗಂಟೆ ಯಾರೂ ಕೇಳಲ್ಲ, ಕೇಳಲೂಬಾರದು. ಕೇಳಬೇಕಾದ್ದು ಹತ್ತು ಹನ್ನೆರಡು ನಿಮಿಷ. ಆ ಹತ್ತು ನಿಮಿಷ ಯಾವುದು ಅಂತ ಗುರುತು ಹಾಕೋದು ರೆಕಾರ್ಡ್ ಆಗುತ್ತಿರುವಾಗಲೇ ಆಗಬೇಕು, ಮನೆಗೆ ಹೋಗಿ ಹುಡುಕುವ ಕೆಲಸ ಇಟ್ಟುಕೊಂಡರೆ ಎರಡನೇ ವಾರಕ್ಕೇ ನಿಂತುಹೋಗುತ್ತೆ.

ರೀಪರಿನಲ್ಲಿ ರೆಕಾರ್ಡ್ ಓಡುತ್ತಿದ್ದಾಗಲೇ ಎಂ ಒತ್ತಿದರೆ ಮಾರ್ಕರ್ ಬೀಳುತ್ತೆ. ಶಿಫ್ಟ್ ಜೊತೆ ಎಂ ಒತ್ತಿದರೆ ಹೆಸರು ಕೇಳುತ್ತೆ, ಕನ್ನಡದಲ್ಲೇ ಟೈಪ್ ಮಾಡಬಹುದು. ಹಾಡು ಶುರುವಾಗುವಾಗ ಹೆಸರಿನ ಮಾರ್ಕರ್, ತಪ್ಪಾದಾಗ ಬರೀ ಎಂ. ಕೀಬೋರ್ಡ್ ನುಡಿಸುವವರಿಗೆ ಕೈ ಬಿಡುವಿರಲ್ಲ. ಒಂದು ಯುಎಸ್‌ಬಿ ನಂಬರ್ ಪ್ಯಾಡ್ ತಂದು ಗಾಯಕರ ಸ್ಟ್ಯಾಂಡಿನ ಬಳಿ ಇಡಿ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಬರುವ ಆ್ಯಕ್ಷನ್ ಪಟ್ಟಿಯಲ್ಲಿ ಮಾರ್ಕರ್ ಹಾಕುವ ಆ್ಯಕ್ಷನ್ನಿಗೆ ಅದರ ಒಂದು ದೊಡ್ಡ ಬಟನ್ ಜೋಡಿಸಿದರೆ, ತಪ್ಪು ಕೇಳಿದವರು ತಟ್ಟಿದರಾಯಿತು. ರೀಪರ್ ಕಿಟಕಿ ಪರದೆಯ ಮೇಲೆ ಮುಂದಿರಬೇಕು, ಬ್ರೌಸರ್ ತೆರೆದಿಟ್ಟರೆ ಮಾರ್ಕರ್ ಬೀಳಲ್ಲ. ಜನ ತಪ್ಪು ನಡೆದ ಮೇಲೆ ತಟ್ಟುತ್ತಾರೆ, ಹಾಗಾಗಿ ಕೇಳುವಾಗ ಮಾರ್ಕರಿಗಿಂತ ಹತ್ತು ಸೆಕೆಂಡ್ ಹಿಂದಿನಿಂದ ಶುರುಮಾಡಿ.

ಪ್ರಾಕ್ಟೀಸಿನ ಕೊನೆಯ ಇಪ್ಪತ್ತು ನಿಮಿಷ ಕೇಳೋಕೆ ಮೀಸಲಿಡಿ. ಅದೇ ದಿನ, ಅದೇ ರೂಮಿನಲ್ಲಿ, ಎಲ್ಲರೂ ಕೂತು. ಹಾಡಿಗೆ ಒಂದೇ ಒಂದು ತಪ್ಪು ಆರಿಸಿ, ಆ ಎಂಟು ಆವರ್ತ ಮಾತ್ರ ಲೂಪಿನಲ್ಲಿ ಕೇಳಿ, ಕೂಡಲೇ ನುಡಿಸಿ ನೋಡಿ. ಜಗಳ ಕಮ್ಮಿಯಾಗುತ್ತೆ, ಯಾಕೆಂದರೆ "ನೀನು ಓಡಿಸಿದೆ" ಅನ್ನೋ ಮಾತಿಗೆ ಸಾಕ್ಷಿ ಎದುರಿಗೇ ಇರುತ್ತೆ.

ಓಟದ (ಲಯ ಏರಿದ್ದರ) ಸಾಕ್ಷಿ ತೆಗೆಯೋದು ಹೀಗೆ. ಎಂಟು ಮಾತ್ರೆಯ ಕೆಹರವಾ ತಾಳ ಎರಡು ಆವರ್ತ ಅಂದರೆ 16 ಮಾತ್ರೆ. ಪಲ್ಲವಿಯಲ್ಲಿ ಮೊದಲ ಧಾ (ಆವರ್ತದ ಮೊದಲ ಪೆಟ್ಟು) ಮೇಲಿಂದ ಎರಡು ಆವರ್ತ ಬಿಟ್ಟು ಬರುವ ಧಾ ತನಕ ಆಯ್ಕೆ ಮಾಡಿ, ಎಷ್ಟು ಸೆಕೆಂಡ್ ಅಂತ ಕೆಳಗೆ ತೋರಿಸುತ್ತೆ. 960ನ್ನ (16 ಮಾತ್ರೆ × 60 ಸೆಕೆಂಡ್) ಅದರಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮಾತ್ರೆ ಅಂತ ಬರುತ್ತೆ. ಪಲ್ಲವಿಯಲ್ಲಿ 9.6 ಸೆಕೆಂಡ್ ಇದ್ದರೆ 100. ಕೊನೆಯ ಚರಣದಲ್ಲಿ ಅದೇ 9.1 ಸೆಕೆಂಡ್ ಆಗಿದ್ದರೆ 105.5. ಎರಡು ಮೂರು ಏರಿದರೆ ನಾನು ತಲೆ ಕೆಡಿಸಿಕೊಳ್ಳಲ್ಲ, ಹಾಡಿಗೆ ಅದು ಜೀವವನ್ನೇ ಕೊಡುತ್ತೆ. ಐದು ದಾಟಿದರೆ ಮಾತ್ರ ಗಾಯಕರು ಸಾಹಿತ್ಯ ನುಂಗೋಕೆ ಶುರುಮಾಡ್ತಾರೆ. ಎಲ್ಲಿ ಏರಿತು ಅಂತ ನೋಡಬೇಕಾದರೆ ಮ್ಯೂಸಿಕ್ ಬಿಟ್‌ಗಳನ್ನ ಅಳೆಯಿರಿ. ಹಾಡುವಾಗ ಸಾಹಿತ್ಯ ಲಗಾಮು ಹಿಡಿದಿರುತ್ತೆ, ಬಿಟ್ ಬಂದ ಕೂಡಲೇ ಪ್ಯಾಡ್ ಬಿಚ್ಚಿಕೊಳ್ಳುತ್ತೆ. ಚರಣಕ್ಕೆ ವಾಪಸ್ ಬರುವ ಉರುಳಿಕೆ (ತಾಳವಾದ್ಯದ ರೋಲ್) ಹೆಚ್ಚಿನ ತಂಡಗಳಲ್ಲಿ ತಪ್ಪಿತಸ್ಥ ಜಾಗ.

ತಬಲಾ ಡೋಲಕ್ ಒಟ್ಟಿಗೆ ಬೀಳುತ್ತಿಲ್ಲ ಅನ್ನಿಸಿದರೆ ಎರಡೂ ಟ್ರ್ಯಾಕ್ ಝೂಮ್ ಮಾಡಿ. ಪೆಟ್ಟಿನ ಗುಡ್ಡಗಳ ನಡುವಿನ ಅಂತರ ಮಿಲಿಸೆಕೆಂಡಿನಲ್ಲಿ ಓದಬಹುದು. ಇಲ್ಲಿ ಎಡವುವವರು ಬಹಳ: ಡೋಲಕ್ ಟ್ರ್ಯಾಕಿನಲ್ಲಿ ದೊಡ್ಡ ಗುಡ್ಡದ ಜೊತೆ ಸಣ್ಣ ಗುಡ್ಡವೂ ಕಾಣುತ್ತೆ, ಅದು ತಬಲಾದ ಸೋರಿಕೆ. ಶಬ್ದ ಒಂದು ಮೀಟರ್ ನಡೆಯಲು ಸುಮಾರು 3 ಮಿಲಿಸೆಕೆಂಡ್ ಬೇಕು, ಎರಡು ಮೀಟರ್ ದೂರ ಕೂತಿದ್ದರೆ ಸೋರಿಕೆ 6 ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಹಾಗಾಗಿ ಅವರವರ ಟ್ರ್ಯಾಕಿನ ದೊಡ್ಡ ಗುಡ್ಡವನ್ನೇ ಹೋಲಿಸಿ. 10 ಮಿಲಿಸೆಕೆಂಡ್ ಒಳಗಿದ್ದರೆ ಬಿಡಿ. 30, 40 ಇದ್ದು, ಯಾವಾಗಲೂ ಒಬ್ಬರೇ ಹಿಂದೆ ಇದ್ದರೆ, ಕೈಗಿಂತ ಮೊದಲು ಕೂರುವ ಜಾಗ ನೋಡಿ. ಅವರಿಗೆ ಪ್ಯಾಡ್ ಕೇಳಿಸುತ್ತಿಲ್ಲ, ಕಣ್ಣಿಗೂ ಕಾಣಿಸುತ್ತಿಲ್ಲ ಅಂತಲೇ ಅರ್ಥ.

ಮನೆ ಅಭ್ಯಾಸಕ್ಕೆ ಮೈನಸ್ ಟ್ರ್ಯಾಕ್ ಮಾಡಿಕೊಡಿ. ಗಾಯಕರಿಗೆ ಅವರ ಟ್ರ್ಯಾಕ್ ಮ್ಯೂಟ್ ಮಾಡಿದ ಹಾಡು, ಬೇಸಿನವರಿಗೆ ಬೇಸ್ ಇಲ್ಲದ್ದು. ಬೇಸ್, ಕೀಬೋರ್ಡ್, ಪ್ಯಾಡ್ ನೇರ ಲೈನಿನಿಂದ ಬಂದಿರೋದರಿಂದ ಬಹುಪಾಲು ಮಾಯವಾಗುತ್ತವೆ. ಗಾಯಕರ ದನಿ ಹೋಗಲ್ಲ, ಸ್ಪೀಕರಿನಿಂದ ತಬಲಾ ಡೋಲಕ್ ಮೈಕಿಗೆಲ್ಲ ಸೇರಿಕೊಂಡಿರುತ್ತೆ. ಒಂದು ಸಲ ಗಾಯಕರು ಬಾಯಿ ಮಾತ್ರ ಆಡಿಸಲಿ, ಮಿಕ್ಕವರು ಪೂರ್ತಿ ನುಡಿಸಲಿ. ಐದು ನಿಮಿಷದ ಕೆಲಸ, ತಿಂಗಳಿಡೀ ಬರುತ್ತೆ.

ಗಾಯಕಿಗೆ ಜಿ ಶಾರ್ಪ್ ಎತ್ತರವಾಗಿ ಎಫ್ ಶಾರ್ಪಿಗೆ ಇಳಿಸೋಣ ಅಂತಾದರೆ, ಮತ್ತೆ ನುಡಿಸುವ ತನಕ ಕಾಯಬೇಕಿಲ್ಲ. ಕೀಬೋರ್ಡ್ ಮತ್ತು ಬೇಸ್ ಐಟಂ ಪ್ರಾಪರ್ಟೀಸಿನಲ್ಲಿ ಪಿಚ್ ಮೈನಸ್ 2 ಹಾಕಿ. ಪ್ಯಾಡ್, ಡೋಲಕ್ ಮುಟ್ಟಬೇಡಿ, ಇಳಿಸಿದರೆ ತೊಗಲು ಸಡಿಲವಾದ ಹಾಗೆ ಕೇಳುತ್ತೆ. ತಬಲಾದ ಬಲ ಹಳೇ ಶ್ರುತಿಯಲ್ಲೇ ಉಳಿದು ಚುಚ್ಚುತ್ತೆ, ಅದನ್ನ ಮ್ಯೂಟ್ ಮಾಡಿಬಿಡಿ. ನಿಧಾನ ಮಾಡಿ ಕಲಿಯಬೇಕಾದ ಬಿಟ್ ಇದ್ದರೆ ಪ್ಲೇ ರೇಟ್ 0.75, ಜೊತೆಗೆ ಪಿಚ್ ಉಳಿಸುವ ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಶ್ರುತಿಯೂ ಜಾರುತ್ತೆ.

ಕಳುಹಿಸುವಾಗ ಪ್ರತಿ ಹಾಡಿನ ಒಳ್ಳೆಯ ಟೇಕ್ ಆಯ್ಕೆ ಮಾಡಿ ಶಿಫ್ಟ್ ಜೊತೆ ಆರ್ ಒತ್ತಿ ರೀಜನ್ (ಗುರುತು ಹಾಕಿದ ಭಾಗ) ಮಾಡಿ, ಹಾಡಿನ ಹೆಸರು ಕೊಡಿ. ರೆಂಡರಿನಲ್ಲಿ (ಫೈಲಾಗಿ ಹೊರತೆಗೆಯುವ ಆಯ್ಕೆ) ಪ್ರಾಜೆಕ್ಟ್ ರೀಜನ್ಸ್ ಆರಿಸಿದರೆ ಎಲ್ಲ ಹಾಡೂ ಬೇರೆ ಬೇರೆ ಫೈಲಾಗಿ ಒಂದೇ ಸಲಕ್ಕೆ ಬರುತ್ತವೆ. ಎಂಪಿ3 192 ಕೆಬಿಪಿಎಸ್ ಸಾಕು, ಐದು ನಿಮಿಷದ ಹಾಡು ಏಳು ಎಂಬಿ ಚಿಲ್ಲರೆ. ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿ, ಫೈಲಿನ ಹೆಸರು ಉಳಿಯುತ್ತೆ.

ಶ್ರುತಿಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ಜೋಡಿಸಿ ಟೆಸ್ಟ್ ಮಾಡಿದೆವು. ನಾಲ್ಕು ತೊಂದರೆ ಕಾಣಿಸಿವೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಬೇಸ್, ಕೀಬೋರ್ಡ್ ಟ್ರ್ಯಾಕಿನಲ್ಲಿ ಗುಂಯ್ ಅನ್ನುತ್ತೆ. ತಬಲಾ ಡೋಲಕ್ ಬೇರೆ ಬೇರೆ ಕೇಳಿದರೆ ದಪ್ಪ, ಸೇರಿಸಿದರೆ ತೆಳ್ಳಗಾಗುತ್ತೆ. ಬೇಸಿನ ಖಾಲಿ ಎ ತಂತಿ ಮೀಟಿದಾಗ ಮಾತ್ರ ರೂಮು ನಡುಗುತ್ತೆ, ಮಿಕ್ಕ ಸ್ವರ ಸರಿ. ಕರೆಂಟ್ ಹೋದರೆ ಏನು ಗತಿ ಅನ್ನೋದು ನಾಲ್ಕನೆಯದು, ನಮ್ಮ ಕಡೆ ಸಂಜೆ ಒಂದೆರಡು ಸಲ ಹೋಗೋದು ಮಾಮೂಲು.

ಅರ್ತಿಂಗ್

ಗುಂಯ್: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ನಿಂತರೆ ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪಿನ ಅರ್ತು, ಬೇಸ್ ಆಂಪಿನ ಅರ್ತು ಬೇರೆ ಬೇರೆ ಸಾಕೆಟ್ಟಿನಿಂದ ಬಂದು, ನಡುವೆ ಆಡಿಯೊ ಕೇಬಲ್ಲಿನ ಶೀಲ್ಡಿನಲ್ಲಿ ಕರೆಂಟ್ ಹರಿಯುತ್ತೆ. 50 ಹರ್ಟ್ಸು, ಅದರ ಮೇಲಿನ 100, 150 ಕೇಳಿಸುತ್ತವೆ. ಮೊದಲು ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ಹೊರಟ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಉಳಿದರೆ ಬೇಸಿನ ಡಿಐ ಬಾಕ್ಸಿನಲ್ಲಿ ಶೀಲ್ಡಿನ ಕೊಂಡಿ ಕಡಿಯುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಕೀಬೋರ್ಡಿಗೂ ಒಂದು ಡಿಐ ಬಾಕ್ಸ್ ಹಾಕಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಕಿತ್ತುಹಾಕುವ "ಉಪಾಯ" ಯಾರಾದರೂ ಹೇಳಿದರೆ ಕೇಳಲೇಬೇಡಿ. ಆಂಪಿನಲ್ಲಿ ಲೀಕ್ ಆದ ದಿನ ಆ ಕರೆಂಟು ಗಿಟಾರ್ ತಂತಿಯಿಂದ ಕೈಗೆ, ತುಟಿಗೆ ತಗುಲಿದ ಮೈಕಿಗೆ ದಾರಿ ಹುಡುಕುತ್ತೆ.

ತೆಳ್ಳಗಾಗೋದು: ಎರಡು ಮೈಕೂ ಎರಡು ವಾದ್ಯವನ್ನೂ ಕೇಳುತ್ತಿವೆ, ಒಂದು ಸ್ವಲ್ಪ ತಡವಾಗಿ. ಸೇರಿಸಿದಾಗ ಕೆಲವು ಕಂಪನ ಒಂದನ್ನೊಂದು ತಿಂದುಹಾಕುತ್ತವೆ. ಮೈಕ್ ತಬಲಾದಿಂದ 20 ಸೆಂಟಿಮೀಟರ್ ಇದ್ದರೆ ಎರಡನೇ ಮೈಕ್ ಮೊದಲ ಮೈಕಿನಿಂದ ಕಡಿಮೆ ಅಂದರೂ 60 ಸೆಂಟಿಮೀಟರ್ ದೂರ ಇರಲಿ, ಮೂರಕ್ಕೊಂದು ಅನ್ನೋ ಲೆಕ್ಕ. ಮೈಕಿನ ಬೆನ್ನು ಇನ್ನೊಂದು ವಾದ್ಯದ ಕಡೆ ತಿರುಗಿರಲಿ. ಆಮೇಲೆ ರೀಪರಿನಲ್ಲಿ ಒಂದು ಟ್ರ್ಯಾಕಿನ ಅಲೆಯನ್ನ ತಲೆಕೆಳಗು ಮಾಡುವ ಫೇಸ್ ಬಟನ್, ಅಡ್ಡಗೆರೆ ಎಳೆದ ಸೊನ್ನೆ ಗುರುತಿನದು, ಒತ್ತಿ ನೋಡಿ. ಯಾವ ಸ್ಥಿತಿಯಲ್ಲಿ ಡೋಲಕ್ಕಿನ ಎಡಗಡೆ ದಪ್ಪ ಕೇಳುತ್ತೋ ಅದನ್ನ ಇಟ್ಟುಕೊಳ್ಳಿ. ಇದರಿಂದ ಪೂರ್ತಿ ಹೋಗಲ್ಲ, ದೂರ ಇಡೋದೇ ನಿಜವಾದ ಮದ್ದು.

ಎ ತಂತಿ: ಬೇಸಿನ ಖಾಲಿ ಎ 55 ಹರ್ಟ್ಸ್. 10 ಅಡಿ, ಅಂದರೆ 3.05 ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಮೊದಲ ಅನುರಣನ 56 ಹರ್ಟ್ಸ್ ಸುಮಾರಿಗೆ ಕೂರುತ್ತೆ. ನಿಮ್ಮ ರೂಮಿನಲ್ಲಿ ಅಗಲವೂ 10, ಎತ್ತರವೂ 10. ಎರಡೂ ಒಂದೇ ಸ್ವರಕ್ಕೆ ತಾಳ ಹಾಕುತ್ತಿವೆ. 12 ಅಡಿಯ ಉದ್ದಕ್ಕೆ 47, ಅದು ದೂರ ಇದೆ. ಗೋಡೆಗೆ ಒರಗಿದವರಿಗೆ ಎದೆ ನಡುಗುತ್ತೆ, ಅಗಲದ ನಡುಮಧ್ಯೆ ಕೂತವರಿಗೆ ಅದೇ ಸ್ವರ ಅಷ್ಟು ಕೇಳಿಸಲ್ಲ. ಹಾಗಾಗಿ ಬೇಸಿನವರನ್ನ ಬೈಯುವ ಮೊದಲು 4ನೇ ಟ್ರ್ಯಾಕ್ ಮಾತ್ರ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಎ ಸಮನಾಗಿದ್ದರೆ ಅವರ ಕೈ ಸರಿಯಿದೆ, ರೂಮಿನದೇ ತಪ್ಪು. ಆಂಪನ್ನ ಮೂಲೆಯಿಂದ ಹೊರಗೆ ತಂದು ಕುರ್ಚಿಯ ಮೇಲೆ ಎತ್ತಿಡಿ. ಪರದೆ, ಜಮಖಾನ ಹಾಕಿದರೆ ಕಂಸಾಳೆ ತರಹದ ಮೇಲಿನ ಶಬ್ದದ ಗದ್ದಲ ಇಳಿಯುತ್ತೆ, 55 ಹರ್ಟ್ಸಿಗೆ ಅವು ಏನೂ ಮಾಡಲ್ಲ.

ಕರೆಂಟ್: ಎಂಟು ಇನ್‌ಪುಟ್ಟಿನ ಇಂಟರ್‌ಫೇಸ್‌ಗೆ ಸಾಮಾನ್ಯವಾಗಿ ಅಡಾಪ್ಟರ್ ಬೇಕೇ ಬೇಕು. ಕರೆಂಟ್ ಹೋದಾಗ ಅದು ಸಾಯುತ್ತೆ, ರೆಕಾರ್ಡಿಂಗ್ ನಿಲ್ಲುತ್ತೆ, ಆದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರೋದರಿಂದ ಅಲ್ಲಿಯ ತನಕದ್ದು ಡಿಸ್ಕಿನಲ್ಲಿ ಉಳಿದಿರುತ್ತೆ. ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಇಂಟರ್‌ಫೇಸಿಗೆ ಧಾರಾಳ ಸಾಕು, ಆಂಪು ಸ್ಪೀಕರು ಅದಕ್ಕೆ ಹಾಕಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಝರ್ ಅನ್ನುವ ಸದ್ದು ಸೇರಿಕೊಳ್ಳಬಹುದು, ಗ್ರೌಂಡ್ ಲಿಫ್ಟಿಗೆ ಅದು ಬಗ್ಗಲ್ಲ. ಸೈನ್ ವೇವ್ ಇನ್ವರ್ಟರ್ ಒಂದೇ ದಾರಿ.

ಲ್ಯಾಪ್‌ಟಾಪೇ ಆರಿಹೋದರೆ ವೇವ್ ಫೈಲಿನ ತಲೆಬರಹ ಅರ್ಧಕ್ಕೆ ನಿಂತು ಫೈಲು ತೆರೆಯದೇ ಹೋಗಬಹುದು. ಅಳಿಸಬೇಡಿ. ಆಡಾಸಿಟಿಯಲ್ಲಿ ಇಂಪೋರ್ಟ್, ರಾ ಡೇಟಾ: ಸೈನ್ಡ್ 24 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, 1 ಚಾನೆಲ್, 48000. ತೆರೆದಾಗ ಬರೀ ಮಳೆ ಸುರಿದ ಹಾಗೆ ಕೇಳಿದರೆ ಸ್ಟಾರ್ಟ್ ಆಫ್‌ಸೆಟ್ ಒಂದೊಂದೇ ಏರಿಸಿ, 0 ಇದ್ದದ್ದು 1, ಆಮೇಲೆ 2. 24 ಬಿಟ್ ಅಂದರೆ ಮೂರು ಬೈಟಿನ ಗುಂಪು, ಮೂರರಲ್ಲಿ ಒಂದು ಸರಿ ಕೂರಲೇಬೇಕು. ಶುರುವಿನಲ್ಲಿ ಒಂದು ಟಪ್ ಬರುತ್ತೆ, ಕತ್ತರಿಸಿ.

ಎರಡನೇಚರಣ

ಕ್ಲಿಕ್ ಬಗ್ಗೆ ಯಾರೂ ಹೇಳಲಿಲ್ಲ. ಇಡೀ ತಂಡಕ್ಕೆ ಸ್ಪೀಕರಿನಲ್ಲಿ ಕ್ಲಿಕ್ ಹಾಕಬೇಡಿ, ಎಲ್ಲ ಮೈಕಿಗೂ ಸೇರುತ್ತೆ, ಭಾವಗೀತೆ ಗಡಿಯಾರದ ಹಾಗೆ ಕೇಳುತ್ತೆ. ಪ್ಯಾಡಿನವರೊಬ್ಬರ ಕಿವಿಗೆ ಮಾತ್ರ, ಕಿವಿಯೊಳಗೆ ಕೂರುವ ಇಯರ್‌ಫೋನಿನಲ್ಲಿ ಕೊಡಿ. ರೀಪರಿನ ಮೆಟ್ರೊನೋಮ್ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅದರ ಔಟ್‌ಪುಟ್ ಬದಲಿಸಬಹುದು, ಇಂಟರ್‌ಫೇಸಿನ 3-4 ಔಟ್‌ಪುಟ್ಟಿಗೆ ಕಳುಹಿಸಿ. ಬಫರ್ 1024 ಇದ್ದರೂ ತೊಂದರೆಯಿಲ್ಲ, ಅವರು ಕೇಳಿದ್ದಕ್ಕೆ ನುಡಿಸುತ್ತಾರೆ. ಆರು ಮಾತ್ರೆಯ ದಾದರಾ ತಾಳದ ಹಾಡಿಗೆ 6/8 ಇಡಿ, 4/4ರಲ್ಲೇ ಬಿಟ್ಟರೆ ಜೋರು ಪೆಟ್ಟು ತಪ್ಪು ಜಾಗದಲ್ಲಿ ಬಿದ್ದು ಕೈ ಗೊಂದಲವಾಗುತ್ತೆ. ಆಲಾಪದಿಂದ ಶುರುವಾಗುವ ಹಾಡಿಗೆ ಆಲಾಪ ಮುಗಿದ ಮೇಲೆ ಕ್ಲಿಕ್ ಆನ್ ಮಾಡಿ.

ನನ್ನ ಮಟ್ಟಿಗೆ ಒಂದು ಹಾಡಿಗೆ ಒಂದು ಟೇಕ್ ಕ್ಲಿಕ್ಕಿನಲ್ಲಿ, ಮರು ಟೇಕ್ ಕ್ಲಿಕ್ ಇಲ್ಲದೆ, ಆಮೇಲೆ 960ರ ಲೆಕ್ಕ. ಕ್ಲಿಕ್ಕಿಲ್ಲದ ಟೇಕು ಎಲ್ಲಿ ಓಡಿತು ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ತಂಡ ಕ್ಲಿಕ್ ತಪ್ಪಿದರೆ ಅದನ್ನ ಬೆನ್ನಟ್ಟಬೇಡಿ, ಪ್ಯಾಡಿನವರು ಇಯರ್‌ಫೋನ್ ತೆಗೆದು ಮುಂದುವರಿಸಲಿ. ನಿಮ್ಮ ವೇದಿಕೆಯಲ್ಲಿ ಕ್ಲಿಕ್ ಇರಲ್ಲ ಅಂತಾದರೆ ಅಕ್ಟೋಬರಿನ ಕೊನೆಯ ಎರಡು ಪ್ರಾಕ್ಟೀಸು ಕ್ಲಿಕ್ಕಿಲ್ಲದೆಯೇ ಇರಲಿ.

ತಾಳತಂತಿ

ಹಾರ್ಡ್ ಡಿಸ್ಕ್ ತುಂಬತೈತಿ ನೋಡ್ರಿ. ವಾರಕ್ಕ 10 ಜಿಬಿ ಅಂದ್ರ ಎರಡು ತಿಂಗಳಿಗೆ 80, 90. ರೀಜನ್ ರೆಂಡರ್ ಆದ ಮ್ಯಾಲ ಎಂಪಿ3 ಇಟ್ಕೊಂಡು, ಎರಡು ವಾರದ ಹಿಂದಿನ ಎಂಟು ಟ್ರ್ಯಾಕಿನ ಫೈಲ್ ತಗದುಬಿಡ್ರಿ. ಮೈನಸ್ ಟ್ರ್ಯಾಕ್ ಮಾಡಿದ್ದಷ್ಟ ಕಾಯ್ದಿಡ್ರಿ.

ಫೇಡರ್‌ಮನೆ

ಒಂದು ಎಚ್ಚರಿಕೆ ಹೇಳಲು ಮರೆತಿದ್ದೆ. ಟಿಪ್ಪು ರಿಂಗು ಸೇರಿಸಿ ಸೋಲ್ಡರ್ ಮಾಡಿದ ಆ ಎರಡು ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ "ಇನ್ಸರ್ಟ್ ಮಾತ್ರ" ಅಂತ ಬರೆದಿಡಿ. ಹೊರಗಿನಿಂದ ನೋಡಿದರೆ ಮಾಮೂಲಿ ಕೇಬಲ್ ತರಾನೇ ಇರುತ್ತೆ. ಗಡಿಬಿಡಿಯಲ್ಲಿ ಅದರ ಮೊನೊ ಪಿನ್ ಕೀಬೋರ್ಡಿಗೆ, ಸ್ಟೀರಿಯೊ ಪಿನ್ ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ (ಟಿಪ್ಪು ರಿಂಗುಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದು) ಚುಚ್ಚಿದರೆ ಎರಡಕ್ಕೂ ಒಂದೇ ಸಿಗ್ನಲ್ ಹೋಗಿ, ವ್ಯತ್ಯಾಸ ಸೊನ್ನೆಯಾಗಿ ದನಿ ಮಾಯವಾಗುತ್ತೆ. ಕೀಬೋರ್ಡ್ ಸತ್ತುಹೋಯಿತು ಅಂತ ಅರ್ಧ ಗಂಟೆ ಹುಡುಕುತ್ತೀರಿ.